ಕಾಗವಾಡದ ಬೇವಿನ ಮರ

ಸದಲಗಾ ರಸ್ತೆಯ ಪಶು ಆಹಾರದ ಕಾರ್ಖಾನೆಯೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಹತ್ತಿಕಾಳಿನ ಹಿಂಡಿ ಲಾತೂರಿನಿಂದ ಬರುತ್ತಿತ್ತು. ತರುವವನು ಯಾವಾಗಲೂ ಒಬ್ಬನೇ ಡ್ರೈವರ್, ಬಲು ಮಾತುಗಾರ. ಮಿರಜ ದಾಟಿದ ಕೂಡಲೇ ನನಗೆ ಫೋನ್ ಮಾಡುತ್ತಿದ್ದ.

ಆ ವರ್ಷ ಮಾರ್ಚ್ ತಿಂಗಳ ಕೊನೆಯ ಸಂಜೆಯೂ ಮಾಡಿದ. "ಅಕ್ಕಾರ, ಮಿರಜ ದಾಟೀನ್ರಿ. ಯಾಕೋ ಭಾಳ ಶೆಕಿ ಆಗಾಕತ್ತೈತ್ರಿ. ಎಲ್ಲ್ಯರೆ ಗಿಡದ ಬುಡಕ ಜರಾ ನಿಲ್ಲಿಸಿ ಬರ್ತೇನ್ರಿ."

"ಅವಸರ ಏನಿಲ್ಲ, ಸಾವಕಾಶ ಬರ್ರಿ" ಎಂದೆ.

ಮರುದಿನ ಲಾರಿ ಬರಲಿಲ್ಲ. ಫೋನ್ ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಮಧ್ಯಾಹ್ನ ಸುದ್ದಿ ಬಂತು. ಕಾಗವಾಡದ ಹತ್ತಿರ ಬೇವಿನ ಮರದ ಕೆಳಗೆ ಲಾರಿಯನ್ನು ನೀಟಾಗಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಅವನು ಸೀಟಿನಲ್ಲೇ ಹೋಗಿಬಿಟ್ಟಿದ್ದ. ಹೃದಯಾಘಾತ ಅಂದರು. ಒಂದು ಚೀಲವೂ ಹರಿದಿರಲಿಲ್ಲ. ಬೇರೆ ಡ್ರೈವರ್ ಬಂದು ಲಾರಿಯನ್ನು ನಮ್ಮ ಗೇಟಿಗೆ ತಂದ.

ನಿಪ್ಪಾಣಿಯ ಆಡಿಟರ್ ಬಂದಾಗ ಅದೇ ಲಾರಿಯ ಬಿಲ್ ಎತ್ತಿಕೊಂಡರು. "ಇದನ್ನ ಏಪ್ರಿಲ್‌ದಾಗ ಯಾಕ ಹಾಕೀರಿ?"

"ಮಾಲು ಏಪ್ರಿಲ್‌ದಾಗ ಬಂತಲ್ರಿ ಸರ್."

"ಯಾವಾಗ ಬಂತು ಅನ್ನೂದಲ್ಲ, ಕರಾರು ನೋಡ್ರಿ. ಲಾತೂರ ಗೋಡೌನ್ ಬಿಟ್ಟ ಕೂಡ್ಲೇ ಮಾಲು ನಿಮ್ಮದು ಅಂತ ಐತಿ. ನಿಮ್ಮ ಗೇಟಿಗೆ ಮುಟ್ಟಿಸಿದ ಮ್ಯಾಲ ನಿಮ್ಮದು ಅಂತಿದ್ರ ಮಾತು ಬ್ಯಾರೆ. ಮಾರ್ಚ್ ಮುಗಿಯೂವಾಗ ಅದು ದಾರ್ಯಾಗಿದ್ದ ನಿಮ್ಮ ಮಾಲು. ಸ್ಟಾಕಿನಾಗೂ ಬರಬೇಕು, ಕೊಡೂ ಬಾಕ್ಯಾಗೂ ಬರಬೇಕು."

ತಿದ್ದಿದೆ. 'ದಾರಿಯಲ್ಲಿರುವ ಸರಕು' ಎಂದು ಟೈಪ್ ಮಾಡುವಾಗ ಬೆರಳುಗಳು ನಿಂತವು. ಲೆಕ್ಕದ ವರ್ಷ ಮುಗಿದ ಆ ಹೊತ್ತಿಗೆ ನಮ್ಮ ಚೀಲಗಳು ಕತ್ತಲಲ್ಲಿ ಆ ಮರದ ಕೆಳಗಿದ್ದವು. ಮುಂದೆ ಸೀಟಿನಲ್ಲಿ ಅವನಿದ್ದ.

ಒಂದು ಮಧ್ಯಾಹ್ನ ನನ್ನ ಮೊಬೈಲಿನಲ್ಲಿ ಅವನ ನಂಬರು ಮೂಡಿತು. ಎತ್ತಿದರೆ ಮರಾಠಿ ಬೆರೆತ ಕನ್ನಡದಲ್ಲಿ ಹೆಂಗಸಿನ ದನಿ. ಅವನ ಹೆಂಡತಿ. ಪೊಲೀಸರು ಫೋನ್ ವಾಪಸು ಕೊಟ್ಟಿದ್ದರು. ಗಂಡ ಕೊನೆಗೆ ಮಾತಾಡಿದ್ದು ನನ್ನ ಜೊತೆ ಎಂದು ಅದರಲ್ಲಿ ನೋಡಿ ಕರೆ ಮಾಡಿದ್ದಳು.

"ಏನಂದ್ರು, ಅಕ್ಕಾ?"

ಸೆಕೆ ಆಗುತ್ತಿದೆ, ಎಲ್ಲಾದರೂ ಮರದ ಕೆಳಗೆ ನಿಲ್ಲಿಸುತ್ತೇನೆ ಅಂದರೆಂದು ಹೇಳಿದೆ.

"ನನ್ನ ಸುದ್ದಿ ಏನರೆ ತಗದ್ರಾ?"

"ಇಲ್ಲ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವಳು ಕೇಳಿದಳು, "ಆ ಗಿಡ ತೋರಸ್ತೀರಾ?"

ಭಾನುವಾರ ಅವಳು ಮಿರಜಿನ ಬಸ್ಸಿಗೆ ಕಾಗವಾಡಕ್ಕೆ ಬಂದಳು. ನಾನು ನಿಲ್ದಾಣದಲ್ಲಿ ಕಾದಿದ್ದೆ; ಲಾರಿ ತಂದ ಡ್ರೈವರ್ ಹೇಳಿದ್ದ ಗುರುತು ಹಿಡಿದು ಇಬ್ಬರೂ ಮರದತ್ತ ನಡೆದುಹೋದೆವು. ತಂದಿದ್ದ ಬಾಟಲಿಯ ನೀರನ್ನೆಲ್ಲ ಮರದ ಬುಡಕ್ಕೆ ಸುರಿದಳು. ಅಷ್ಟರಲ್ಲಿ ಒಂದು ಲಾರಿ ನೆರಳಿಗೆಂದು ಪಕ್ಕಕ್ಕೆ ತಿರುಗಿತು. ಅವಳು ಓಡಿಹೋಗಿ ಬಾಗಿಲು ಬಡಿದಳು. "ಇಲ್ಲಿ ಬ್ಯಾಡಪಾ, ಮುಂದ ಹೋಗು!"

ಡ್ರೈವರ್ ಅವಳ ಮುಖ ನೋಡಿದ. ಗೇರು ಹಾಕಿ ಹೊರಟುಹೋದ.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಿದ್ದಳಂತೆ, ಮರ ಬಂದಾಗ ಕಣ್ಣು ಮುಚ್ಚಿಕೊಂಡಳಂತೆ. ಆಮೇಲೆ ಫೋನಿನಲ್ಲಿ ಹೇಳಿದಳು. ಆಗಿನಿಂದ ಮಿರಜಿಗೆ ಹೋಗುವಾಗ ನಾನು ಆ ಮರ ಕಾಣುವ ಬದಿಯ ಸೀಟು ಹಿಡಿಯುವುದಿಲ್ಲ.