ಟೈಲ್ಸ್ ಸಂದಿನ ವಿಭೂತಿ

ಅಥವಾ ಅದು ಬಿಸಿಲೇ ಅಲ್ಲವೋ ಏನೋ. ಹಸಿರು ಟೈಲ್ಸ್ ಮೇಲೆ ಬೆಳಕು ಬಿದ್ದು ಇಡೀ ಅಡುಗೆಮನೆ ಹೊಳೆದದ್ದು ನನಗೆ ನೆನಪಿದೆ. ಆದರೆ ನಮ್ಮ ಹಿರಿಯೂರಿನ ಮನೆಯಲ್ಲಿ ಅಡುಗೆಮನೆ ಕಿಟಕಿ ಇರುವುದು ಉತ್ತರಕ್ಕೆ; ಆಚೆ ಪಕ್ಕದ ಮನೆಯ ಗೋಡೆ. ಬಿಸಿಲು ಎಲ್ಲಿಂದ ಬಂದೀತು? ನಮ್ಮ ಸಂಭ್ರಮವನ್ನೇ ನಾನು ಬಿಸಿಲೆಂದು ನೆನಪಿಟ್ಟುಕೊಂಡಿರಬಹುದು.

ಸಂಭ್ರಮವಂತೂ ಸುಳ್ಳಲ್ಲ. ಒಲೆ ಹಿಂದಿನ ಗೋಡೆ ಒಗ್ಗರಣೆ ಕುಡಿದು ಕುಡಿದು ಕಪ್ಪಾಗಿತ್ತು. ಟೈಲ್ಸ್ ಹಾಕಿಸಲು ಅವ್ವ ಒಪ್ಪಿದ್ದೇ ತಡ, ಚಿತ್ರದುರ್ಗಕ್ಕೆ ಓಡಿ ಇಟ್ಟಿಗೆಯಾಕಾರದ ಸಣ್ಣ ಟೈಲ್ಸ್ ತಂದೆವು. ಇದಕ್ಕೆಂದೇ ಹೊಸದುರ್ಗದಿಂದ ಬಂದ ಅಕ್ಕ, "ಥೇಟ್ ಮಾರಿಕಣಿವೆ ಡ್ಯಾಮಿನ ನೀರಿನ ಬಣ್ಣ!" ಎಂದಳು.

ಮೇಸ್ತ್ರಿ ಸಾಬರು ಒಂದನ್ನು ತಿರುಗಿಸಿ ನೋಡಿ, "ತುಂಬಿದಾಗಿಂದೋ ಬತ್ತಿದಾಗಿಂದೋ ಅಕ್ಕಾರೆ?" ಎಂದರು.

ಅವರು ಸಾಲು ಕೂರಿಸುತ್ತಿದ್ದರೆ ನಾವು ಬಾಗಿಲಲ್ಲಿ ನೂಕಾಡುತ್ತಿದ್ದೆವು. "ಗ್ವಾಡೆ ಎಲ್ಲೂ ಓಡೋಗಲ್ಲ, ಕುಂತ್ಕಳ್ರಿ" ಎಂದು ನಕ್ಕರು. ಯಾರೂ ಕೂರಲಿಲ್ಲ.

ಸಾಲೆಲ್ಲ ಕೂತು, ಅಂಟು ಒಣಗಿ, ಸಂದು ತುಂಬಲು ಬಿಳಿ ಸಿಮೆಂಟ್ ಕಲಸುವ ದಿನ ಸೋಮವಾರ. ಅವ್ವ ವಿಭೂತಿ ಗಟ್ಟಿ ಹಿಡಿದು ಒಳಗೆ ಬಂದಳು. ಸೋಮವಾರ ಒಲೆ ಹಿಂದಿನ ಗೋಡೆಗೆ ಮೂರು ಬೆರಳಲ್ಲಿ ವಿಭೂತಿ ಎಳೆಯದೆ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಜ್ಜಿಯೂ ಹಚ್ಚಿದವಳಲ್ಲ.

ಅವ್ವ ಎಳೆದಳು. ಒದ್ದೆ ಗೆರೆ ಜಾರಿ ಕಟ್ಟೆಗೆ ಇಳಿಯಿತು. ಒಣ ವಿಭೂತಿ ಹಚ್ಚಿದಳು. ಉದುರಿತು.

"ಕಿತ್ತಾಕ್ರಿ ಸಾಬ್ರೇ. ಇಬೂತಿ ನಿಲ್ಲದ ಗ್ವಾಡೆ ನಂಗೆ ಬ್ಯಾಡ."

"ಅವ್ವಾ, ಒಂದು ದೇವರ ಫೋಟೋ ಇಡಾಣ" ಎಂದಳು ಅಕ್ಕ.

"ದೇವ್ರನ್ನೂ ಒಗ್ಗರಣೆಗೆ ಹಾಕ್ತೀಯೇನೇ?"

ಅವ್ವ ಹಳೆ ಗೋಡೆಯನ್ನೇ ಹುಡುಕುವವಳಂತೆ ಟೈಲ್ಸ್ ಸವರುತ್ತಿದ್ದಳು. ಆಗ ಯಾರೋ ಹೇಳಿದರು: "ಸಂದಿಗೆ ತುಂಬಾಣ."

ಹೌದಲ್ಲ! ಅಕ್ಕ ಗಟ್ಟಿಯನ್ನು ಕುಟ್ಟಿ ಪುಡಿ ಮಾಡಿದಳು. ನಾನು ಬಟ್ಟಲು ಹಿಡಿದೆ. ಸಾಬರು ಅದನ್ನು ಬಿಳಿ ಸಿಮೆಂಟಿಗೆ ಬೆರೆಸಿ ಅವ್ವನ ಮುಂದಿಟ್ಟರು. "ನೀವೇ ತುಂಬ್ರಿ ಅಮ್ಮಾರೆ. ಗಟ್ಟಿಯಾಗಿ ಒತ್ರಿ, ಗಾಳಿ ಉಳೀಬಾರ್ದು."

ಮೂರು ಬೆರಳು ಒಟ್ಟಿಗೆ ಆಡಲು ಸಂದುಗಳು ದೂರ. ಅವ್ವ ಒಂದೇ ಬೆರಳಲ್ಲಿ ಒಂದೊಂದಾಗಿ ಮೂರು ಸಂದಿನಲ್ಲಿ, ಗೋಡೆಯ ಈ ತುದಿಯಿಂದ ಆ ತುದಿಗೆ ಎಳೆದಳು. ಸಾಬರು ಸ್ಪಂಜಿನಿಂದ ಒರೆಸಿದರು. ಹಸಿರಿನ ಮೇಲೆ ಮೂರು ಬಿಳಿ ಗೆರೆ! ಅಕ್ಕ ಚಪ್ಪಾಳೆ ತಟ್ಟಿದಳು. ಪೂರ್ತಿ ಒಣಗಲಿ ಎಂದರೂ ಕೇಳದೆ ಅವ್ವ ಒಲೆ ಹಚ್ಚಿ ಹಾಲಿಟ್ಟಳು. ಉಕ್ಕಿ ಟೈಲ್ಸಿಗೆ ಸಿಡಿಯಿತು. ಅಕ್ಕ ಸೆರಗಿನಲ್ಲೇ ಒರೆಸಿದಳು. ಗೆರೆ ಅಲುಗಲಿಲ್ಲ.

ಸಂದಿಗೆ ತುಂಬಾಣ ಎಂದವರು ಯಾರು? ಅಕ್ಕ ತಾನು ಎನ್ನುತ್ತಾಳೆ. ಅವ್ವ ಸಾಬರು ಎನ್ನುತ್ತಾಳೆ. ಸಾಬರು ಮೊನ್ನೆ ಸಂತೆಯಲ್ಲಿ ಸಿಕ್ಕಾಗ, "ನಿಮ್ಮವ್ವಾರೇ ಅಲ್ವೇನಪ್ಪ?" ಎಂದರು. ನನಗಂತೂ ಅದು ನನ್ನದೇ ದನಿಯಂತೆ ಕೇಳುತ್ತದೆ, ಅದಕ್ಕೇ ಅನುಮಾನ.

ಅವ್ವ ಮೂರು ಗೆರೆ ಎಳೆದ ಮೇಲೆ ಸಾಬರು ಉಳಿದ ಸಂದುಗಳಿಗೆ ವಿಭೂತಿಯಿಲ್ಲದ ಬರೀ ಬಿಳಿ ಸಿಮೆಂಟ್ ತುಂಬಿದರು. ಈಗ ಎಲ್ಲ ಗೆರೆಯೂ ಬಿಳಿ. ಸೋಮವಾರ ಅವ್ವ ಮೂರು ಗೆರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಒಲೆ ಹಚ್ಚುತ್ತಾಳೆ. ಹೋದ ವಾರ ಮುಟ್ಟಿದ್ದು ಒಂದು ಸಾಲು ಕೆಳಗೆ ಎನಿಸಿತು. ವಿಭೂತಿ ಇರುವುದು ಯಾವ ಮೂರರಲ್ಲಿ ಎಂದು ನನಗೆ ಗೊತ್ತಿಲ್ಲ. ಅವ್ವನಿಗೆ ಗೊತ್ತಿದೆಯೇ ಎಂಬುದೂ ಗೊತ್ತಿಲ್ಲ.