ಕಾಡುಗೋಡಿಯ ಬಿಳಿ ಗೋಡೆ

ನಾಗಸಂದ್ರದಲ್ಲಿ ಮೆಟ್ರೋ ಹತ್ತಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಕಾಡುಗೋಡಿಗೆ ಟಿಕೆಟ್ ತೊಂಬತ್ತು ರೂಪಾಯಿ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ, ಕ್ಯಾಮೆರಾ ಚೀಲವನ್ನು ಎದೆಗವಚಿಕೊಂಡು ನಿಂತೇ ಹೋದೆ. ಹೊರಟಿದ್ದು ಬ್ರಿಟ್ಟಾ ಅವರ ಮನೆಯ ಒಂದು ಗೋಡೆಯ ಫೋಟೋ ತೆಗೆಯಲು.

ಬ್ರಿಟ್ಟಾ ಸ್ವೀಡನ್ನಿನವರು. ತಮ್ಮ ನಾಡಿನ ಅಜ್ಜಿಕತೆಗಳಿಗೆ ಚಿತ್ರ ಬರೆಯುತ್ತಲೇ ಮುದುಕಿಯಾದವರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರ ಕೂರಿಸಲು ಬಂದ ಗಂಡನ ಜೊತೆ ಬಂದರು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು. ಹಿಮ ಹೊದ್ದ ಮರಗಳು, ಬಂಡೆಯಂಥ ರಕ್ಕಸರು, ಎಲ್ಲ ಹುಟ್ಟಿದ್ದು ಕಾಡುಗೋಡಿಯ ಬಾಡಿಗೆ ಮನೆಯಲ್ಲಿ. ಒಬ್ಬ ರಕ್ಕಸಿಗಂತೂ ಮನೆ ಓನರ್ ಮುನಿಯಮ್ಮನವರ ಮೂಗು. ಮುನಿಯಮ್ಮ ಅದನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಿದ್ದರಂತೆ.

ಬ್ರಿಟ್ಟಾ ಅವರ ಕೊನೆಯ ಕತೆಯನ್ನು ಕನ್ನಡಕ್ಕೆ ತಂದವನು ನಾನು. ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿ ಮನೆ ಹುಡುಕುವ ಕತೆ. ಕೊನೆಯ ಚಿತ್ರವೊಂದು ಬಾಕಿಯಿತ್ತು. ಬೆನ್ನು ಬಗ್ಗುತ್ತಿರಲಿಲ್ಲವಾಗಿ ಅದನ್ನು ಗೋಡೆಯ ಮೇಲೆ, ನಿಂತುಕೊಂಡೇ ಬರೆಯುತ್ತಿದ್ದರು. ಮುಗಿಯುವ ತನಕ ಯಾರೂ ಫೋಟೋ ತೆಗೆಯಬಾರದೆಂಬ ಹಟ ಬೇರೆ. ಮೊನ್ನೆ ಮುನಿಯಮ್ಮನವರ ಫೋನ್ ಬಂತು: "ಬ್ರಿಟ್ಟಮ್ಮ ಓಗ್ಬಿಟ್ರು ಸಾರ್. ತಿಥೀನೂ ಆಯ್ತು. ಅವ್ರ ಬಣ್ಣ, ಬ್ರಶ್ಶು ಬಂದು ತಗೊಂಡೋಗಿ." ಗೋಡೆಯಾದರೂ ಇದೆಯಲ್ಲ ಎಂದುಕೊಂಡೆ.

ಕಾಡುಗೋಡಿಯಲ್ಲಿ ಇಳಿದು, ಸ್ಟೇಷನ್ನಿನ ಹತ್ತಿರ ವಿಜಯಪುರದ ಅಕ್ಕನೊಬ್ಬರ ಗಾಡಿಯಲ್ಲಿ ಜೋಳದ ರೊಟ್ಟಿ ಕಟ್ಟಿಸಿಕೊಂಡೆ. ಕೆಲಸ ಮಧ್ಯಾಹ್ನ ದಾಟಬಹುದೆಂಬ ಲೆಕ್ಕ.

ಬ್ರಿಟ್ಟಾ ಮನೆಯ ಬಾಗಿಲಲ್ಲೇ ಹೊಸ ಸುಣ್ಣದ ವಾಸನೆ ಬಡಿಯಿತು. ಒಳಗೆ ನಾಲ್ಕೂ ಗೋಡೆ ಬೆಳ್ಳಗಿದ್ದವು.

"ಚಿತ್ರ ಎಲ್ಲಿ?" ಎಂದೆ.

"ಸೂತಕದ ಮನೇನ ಅಂಗೇ ಬಿಡಕ್ಕಾಯ್ತದಾ ಸಾರ್? ತಿಥಿಗ್ ಮುಂಚೆ ಸುಣ್ಣ ಬಳೀಬೇಕಲ್ವಾ?" ಮುನಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಅವ್ರಿಗ್ ಇಲ್ಲಿ ಇನ್ಯಾರಿದ್ರು? ನಮ್ ಮನೆಯೋರು ಅಂತ ಎಲ್ಲಾ ನಾವೇ ಮಾಡಿದ್ವಿ. ಆ ಮಗೀನ ಮುಖ ಎಷ್ಟ್ ಬಳಿದ್ರೂ ಎದ್ದೆದ್ದು ಕಾಣ್ತಿತ್ತು. ಅಳ್ತಾ ಅಳ್ತಾ ಬಳ್ದೆ."

ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದೆ. ಒಂದಿಷ್ಟು ನೀಲಿ, ಸುಣ್ಣದ ಜೊತೆಯಲ್ಲೇ ಪುಡಿಯಾಗಿ ಉದುರಿತು.

"ಹುಡುಗಿ ಮನೆ ಸೇರಿದ್ಲಾ ಅಮ್ಮ?"

"ಮನೆ ಬರ್ದಿದ್ರು. ಬಾಗ್ಲು ತೆಗ್ದಿತ್ತು, ದೀಪಾನೂ ಇತ್ತು. ಮಗು ಮಾತ್ರ ಇನ್ನೂ ಮರದತ್ರಾನೇ ನಿಂತಿತ್ತು. ನಾಳೆ ಒಳಕ್ಕೆ ಕರ್ಕೊಂತೀನಿ ಅಂದಿದ್ರು." ನನ್ನ ಮುಖ ನೋಡಿ ಕೇಳಿದರು: "ಬಳೀಬಾರ್ದಿತ್ತಾ ಸಾರ್?"

"ಸರಿಯಾಗೇ ಮಾಡಿದ್ದೀರಿ ಅಮ್ಮ," ಎಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಯಾರ ಮೇಲಾದರೂ ಸಿಟ್ಟು ಬಂದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಬಣ್ಣ, ಬ್ರಶ್ಶು ಎತ್ತಿಕೊಂಡು ಹೊರಟೆ. ಕ್ಯಾಮೆರಾ ಚೀಲದಿಂದ ಹೊರಬರಲಿಲ್ಲ. ರೊಟ್ಟಿಯೂ ಕಟ್ಟಿದಂತೆಯೇ ಉಳಿಯಿತು. ರೈಲು ಹೊರಟಾಗ ತಿರುಗಿ ನೋಡಿದೆ. ತಗಡಿನ ಸೂರುಗಳ ನಡುವೆ ಅವರ ಮನೆ ಯಾವುದೆಂದು ಗೊತ್ತಾಗಲಿಲ್ಲ. ಆ ಹುಡುಗಿ ಮರದ ಹತ್ತಿರವೇ ಉಳಿದಳು. ಒಳಗೆ ಕರೆದುಕೊಳ್ಳಬೇಕಾದವರು ಈಗ ಇಲ್ಲ.