ಸರ್ವರ್ ಮುಟ್ಟಿ ನೋಡುವ ಕೈ

ನಾನು ಇಂಡಿ ಪಟ್ಟಣದ ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿದ್ದಾಗ ಅಲ್ಲಿನ ಕಂಪ್ಯೂಟರ್ ವಿಭಾಗ ನಾವೆಲ್ಲ ‘ಸರ್’ ಎನ್ನುತ್ತಿದ್ದ ಹಿರಿಯರೊಬ್ಬರದಾಗಿತ್ತು. ದಿನಾ ಬಂದವರೇ, ಜ್ವರ ನೋಡುವಂತೆ ಪ್ರತಿ ಸರ್ವರ್ ಮೇಲೂ ಅಂಗೈ ಇಟ್ಟು, "ಉಸಿರಾಡಾಕತ್ತಾವ್ರಿ" ಎನ್ನುತ್ತಿದ್ದರು.

ಬಿಲ್ಲು, ಔಷಧಿ, ರಕ್ತ ತಪಾಸಣೆ, ಒಂದೊಂದಕ್ಕೂ ಒಂದೊಂದು ಸರ್ವರ್. ಖಂಡೇ ಪೂಜೆಯಂದು, ಅಂದರೆ ದಸರೆಯ ಆಯುಧಪೂಜೆಯಂದು, ದುಡಿದ ಯಂತ್ರಗಳಿಗೆ ಬಿಡುವು. ರಕ್ತ ತಪಾಸಣೆಯದನ್ನು ಮಾತ್ರ ನಡೆಯಲು ಬಿಟ್ಟು, ಉಳಿದವನ್ನು ಬಂದ್ ಮಾಡಿ ವಿಭೂತಿ ಹಚ್ಚುತ್ತಿದ್ದರು. ಒಂದು ವರ್ಷ ಅವರೇ ಯೋಜನೆ ಹಾಕಿ, ರಕ್ತ ತಪಾಸಣೆಯದೂ ಸೇರಿ ಎಲ್ಲವನ್ನೂ ವರ್ಚುವಲ್ ಸರ್ವರ್ ಮಾಡಿ, ಅಂದರೆ ಬೇರೆ ಬೇರೆ ಪೆಟ್ಟಿಗೆಗಳಿಲ್ಲದೆ, ಒಂದೇ ಹೊಸ ಯಂತ್ರದೊಳಗೆ ಕೂಡಿಸಿದ್ದರು. ಪೂಜೆಯ ದಿನ ರೂಢಿಯ ಕೈ ಅದನ್ನೂ ಬಂದ್ ಮಾಡಿಬಿಟ್ಟಿತು. ರಕ್ತದ ರಿಪೋರ್ಟುಗಳೂ ನಿಂತವು.

ಹತ್ತಿರದ ಅಗರಖೇಡ ಊರಿನ ಮುದುಕರೊಬ್ಬರು ಹೆಂಡತಿಯ ರಿಪೋರ್ಟಿಗೆ ಕಾಯುತ್ತಿದ್ದರು.

"ಇನ್ನ ಎಷ್ಟೊತ್ರಿ ಸಾಹೇಬ್ರ? ಆಕಿ ಕಣ್ಣ ತೆಗಿವಲ್ಲಳು."

"ಬಂತ್ರಿ ಯಜಮಾನ್ರ, ಈಗ ಬಂತು" ಎಂದರು ಸರ್.

ಯಂತ್ರ ಮತ್ತೆ ಚಾಲೂ ಆಗಿ ರಿಪೋರ್ಟ್ ಬರುವಷ್ಟರಲ್ಲಿ ಮುದುಕರು ಹೆಂಡತಿಯನ್ನು ಸೊಲ್ಲಾಪುರದ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದರು. ಸರ್ ರಿಪೋರ್ಟಿನ ಕಾಗದ ಹಿಡಿದು ಗೇಟಿನವರೆಗೆ ಓಡಿದರು. ಆಕೆಗೆ ಮುಂದೇನಾಯಿತೋ ನಮಗೆ ತಿಳಿಯಲೇ ಇಲ್ಲ.

ಮರುವರ್ಷ ಪೂಜೆಗೆ ಸರ್ ಸರ್ವರ್ ಕೋಣೆಯ ಹೊರಗೇ ನಿಂತು ಹೊಸ್ತಿಲಿಗೆ ವಿಭೂತಿ ಹಚ್ಚಿದರು.

"ಒಳಗ ಬರ್ರಿ ಸರ್" ಎಂದೆ.

ಕೈಯನ್ನು ಕಿಸೆಯೊಳಗೆ ಇಟ್ಟುಕೊಂಡರು.

"ನಾ ಮುಟ್ಟೂದು ಬ್ಯಾಡ್ರಿ. ಉಸಿರಾಡ್ಲಿ."